ಸಿಂಗಪುರದ ಮೊದಲ ಹಗಲು

ಹಡಗಿನ ಕಾಲದಲ್ಲಿ ಪರದೇಶವೆಂಬುದು ಪ್ರಯಾಣಿಕನ ಬಳಿಗೆ ಮೆಲ್ಲಮೆಲ್ಲನೆ ಬರುತ್ತಿತ್ತು. ಮದರಾಸಿನ ಬಂದರಿನಿಂದ ‘ರಜುಲಾ’ ಎಂಬ ಹಡಗು, ಯುದ್ಧದ ವರ್ಷಗಳನ್ನು ಬಿಟ್ಟರೆ, 1926ರಿಂದ ಹೆಚ್ಚುಕಡಿಮೆ ಅರ್ಧ ಶತಮಾನದ ಕಾಲ ನಾಗಪಟ್ಟಣ, ಪಿನಾಂಗುಗಳನ್ನು ಹಾದು ಸಿಂಗಪುರಕ್ಕೆ ಹೋಗಿ ಬರುತ್ತಿತ್ತು. ಸುಮಾರು ಒಂದು ವಾರದ ಪಯಣ. ತಾಯ್ನೆಲದ ದಡ ಕಣ್ಮರೆಯಾದ ದುಃಖಕ್ಕೆ ಒಂದು ದಿನ, ಹೊಟ್ಟೆ ತೊಳಸುವುದಕ್ಕೆ ಎರಡು ದಿನ, ಜೊತೆಯವರ ಪರಿಚಯಕ್ಕೂ ಅವರೊಡನೆ ಜಗಳಕ್ಕೂ ಉಳಿದ ದಿನಗಳು; ಹೀಗೆ ಹೊಸ ದಡ ಕಾಣಿಸುವ ಹೊತ್ತಿಗೆ ಮನಸ್ಸು ಅದಕ್ಕೆ ಅಣಿಯಾಗಿರುತ್ತಿತ್ತು. ವಿಮಾನದಲ್ಲಿ ಈ ಸೌಕರ್ಯವಿಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರು. ನಾಲ್ಕೂವರೆ ಗಂಟೆಯ ಹಾರಾಟ. ರಾತ್ರಿಯ ಊಟವನ್ನು ಒಂದು ದೇಶದಲ್ಲಿ ಮುಗಿಸಿದವರು ಬೆಳಗಿನ ಹಲ್ಲುಜ್ಜುವಿಕೆಯನ್ನು ಇನ್ನೊಂದು ದೇಶದಲ್ಲಿ ಮಾಡುತ್ತಾರೆ. ದೇಹವೇನೋ ತಲುಪಿರುತ್ತದೆ, ಮನಸ್ಸು ಇನ್ನೂ ದೇವನಹಳ್ಳಿಯ ಸಾಲಿನಲ್ಲಿ ನಿಂತಿರುತ್ತದೆ. ಪ್ರವಾಸದಿಂದ ಮರಳಿದವರು ಎರಡನೆಯ ದಿನದ ಗೋಪುರವನ್ನೂ ಮೂರನೆಯ ದಿನದ ಉದ್ಯಾನವನ್ನೂ ವರ್ಣಿಸುವರೇ ಹೊರತು, ಈ ಮೊದಲ ದಿನವನ್ನು ‘ಅಂದು ಸುಮ್ಮನೆ ವಿಶ್ರಾಂತಿ’ ಎಂದು ಒಂದೇ ಮಾತಿನಲ್ಲಿ ದಾಟಿಬಿಡುವುದು ಇದಕ್ಕೇ ಇರಬೇಕು.

ಮೈಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟರು ಮತ್ತು ಅವರ ಪತ್ನಿ ಕಳೆದ ಅಂಥ ಒಂದು ಮೊದಲ ದಿನ, ಹಾಗೆ ದಾಟಿಬಿಡತಕ್ಕದ್ದಲ್ಲ.

ಅವರ ಮದುವೆಯಾದದ್ದು 1989ರಲ್ಲಿ. ಆಗಲೇ ಒಮ್ಮೆ ಊಟಿಗೆ ಹೋಗಿ ಬರುವ ಮಾತು ಬಂದಿತ್ತು. ಮಾವನವರ ಕಾಯಿಲೆ, ನಾದಿನಿಯ ಮದುವೆ, ಅತ್ತೆಯವರು ಹಾಸಿಗೆ ಹಿಡಿದ ಒಂಬತ್ತು ವರ್ಷ, ಮಗಳ ಓದು, ಮನೆಯ ಸಾಲ, ಇವೆಲ್ಲ ಒಂದರ ಹಿಂದೊಂದು ಸರದಿಯಲ್ಲಿ ಬಂದು ನಿಂತವು. ತಿರುಪತಿಗೆ ಹೋದಾಗ ಏಳು ಮಂದಿ, ಧರ್ಮಸ್ಥಳಕ್ಕೆ ಹೋದಾಗ ಹನ್ನೊಂದು ಮಂದಿ; ಇಬ್ಬರೇ ಹೊರಟ ಪ್ರಯಾಣ ಒಂದೂ ಇಲ್ಲ. ಪುಣೆಯಲ್ಲಿರುವ ಮಗಳು ಟಿಕೆಟ್ಟು, ವೀಸಾ, ಕೊಠಡಿ ಎಲ್ಲವನ್ನೂ ತಾನೇ ಗೊತ್ತುಮಾಡಿ, “ಅಪ್ಪ, ಆರು ದಿನ. ನೀವಿಬ್ಬರೇ. ನಾವು ಯಾರೂ ಬರುವುದಿಲ್ಲ,” ಎಂದಾಗ ಇಬ್ಬರಿಗೂ ಸಂತೋಷವಾಯಿತು, ಆ ಸಂತೋಷದ ಅಡಿಯಲ್ಲಿ ಸಣ್ಣದೊಂದು ದಿಗಿಲೂ ಇತ್ತು. ಮನೆಯಲ್ಲಾದರೆ ಆತನಿಗೆ ವೃತ್ತಪತ್ರಿಕೆಯಿದೆ, ಆಕೆಗೆ ಅಡಿಗೆಮನೆಯಿದೆ, ನಡುವೆ ಹಾಲಿನವನು, ಪಕ್ಕದ ಮನೆಯವರು, ಗ್ಯಾಸಿನವನು ಇದ್ದಾರೆ. ಆರು ದಿನ ಹಗಲೂ ರಾತ್ರಿ ಎದುರುಬದುರು ಕುಳಿತು ಆಡುವಷ್ಟು ಮಾತು ಮೂವತ್ತೈದು ವರ್ಷಗಳಾದ ಮೇಲೂ ಉಳಿದಿದೆಯೆ? ಈ ಪ್ರಶ್ನೆಯನ್ನು ಒಬ್ಬರು ಇನ್ನೊಬ್ಬರಲ್ಲಿ ಕೇಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮೇಷ್ಟರು ಆ ದಿಗಿಲಿಗೆ ತಮ್ಮದೇ ಔಷಧವನ್ನು ಕಂಡುಕೊಂಡರು. ನೂರು ಪುಟದ ಒಂದು ನೋಟುಪುಸ್ತಕದಲ್ಲಿ ಅಡ್ಡಗೆರೆ ಉದ್ದಗೆರೆಗಳನ್ನೆಳೆದು ಆರು ದಿನಗಳಿಗೂ ವೇಳಾಪಟ್ಟಿ ಹಾಕಿದರು. ಮೊದಲನೆಯ ದಿನದ ಪಾಲಿಗೇ ಆರು ‘ಪೀರಿಯಡ್ಡು’ಗಳು ಬಂದಿದ್ದವು: ಎಂಟು ಗಂಟೆಗೆ ಕೊಠಡಿ ಮತ್ತು ಸ್ನಾನ, ಒಂಬತ್ತೂವರೆಗೆ ಸಿಂಹಮತ್ಸ್ಯದ ಪ್ರತಿಮೆ, ಹನ್ನೊಂದಕ್ಕೆ ವಸ್ತುಸಂಗ್ರಹಾಲಯ, ಹೀಗೆಯೇ ರಾತ್ರಿ ಒಂಬತ್ತರವರೆಗೆ. ಆಕೆಯ ಸಿದ್ಧತೆ ಬೇರೆ ಬಗೆಯದು. ಚಟ್ನಿಪುಡಿ, ಕೋಡುಬಳೆ, ಕಾಲು ಕಿಲೋ ಕಾಫಿಪುಡಿ, ಇಬ್ಬರಿಗೆ ಸಾಕಾಗುವ ಪುಟ್ಟ ಫಿಲ್ಟರು. ಪೆಟ್ಟಿಗೆಯ ಎಲ್ಲಕ್ಕಿಂತ ಕೆಳಗೆ, ಸೀರೆಯ ಮಡಿಕೆಯೊಳಗೆ, ಮಂಡಿಗೆ ತಿಕ್ಕುವ ಎಣ್ಣೆಯ ಸೀಸೆ. ಈ ಕೊನೆಯ ವಸ್ತುವಿನ ಸುದ್ದಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಬಿಡುವ ಸರ್ಕಾರಿ ಬಸ್ಸಿನಲ್ಲಿ ಕುಳಿತು ದೇವನಹಳ್ಳಿ ತಲುಪಿದ್ದು, ಬಿದಿರಿನ ಮಾಡಿನ ಹೊಸ ಟರ್ಮಿನಲ್ಲನ್ನು ತಲೆಯೆತ್ತಿ ನೋಡಿದ್ದು, ಕಾವಲು ತಪಾಸಣೆಗೆ ಮುನ್ನ ಒಂದು ಮೂಲೆಯಲ್ಲಿ ಕುಳಿತು ಮೊಸರನ್ನ ಮುಗಿಸಿದ್ದು, ಇವೆಲ್ಲ ಯಾರ ಪ್ರಯಾಣದಲ್ಲೂ ಇರತಕ್ಕವೇ.

ವಿಮಾನ ಮೇಲೇರಿದ ಮೇಲೆ ಆಕೆ ಕೇಳಿದರು: “ರೀ, ಗಡಿಯಾರ ಎರಡೂವರೆ ಗಂಟೆ ಮುಂದಿಡಬೇಕಂತೆ. ಆ ಎರಡೂವರೆ ಗಂಟೆ ಎಲ್ಲಿಗೆ ಹೋಗುತ್ತೆ?”

ಮೇಷ್ಟರಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. ಅವರು ನೋಟುಪುಸ್ತಕ ಬಿಚ್ಚಿದರು. ಬೆಂಗಳೂರಿನ ರೇಖಾಂಶ ಸುಮಾರು 77.6, ಸಿಂಗಪುರದ್ದು 103.8. ವ್ಯತ್ಯಾಸ 26 ಡಿಗ್ರಿ ಚಿಲ್ಲರೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 105 ನಿಮಿಷ, ಅಂದರೆ ಒಂದೂಮುಕ್ಕಾಲು ಗಂಟೆ. ಸೂರ್ಯನ ಲೆಕ್ಕ ಅಷ್ಟೇ. ಆದರೆ ಗಡಿಯಾರ 150 ನಿಮಿಷ ಎನ್ನುತ್ತದೆ. ಉಳಿದ 45 ನಿಮಿಷ ಎಲ್ಲಿಯದು? ಮೇಷ್ಟರು ಅದನ್ನೂ ಓದಿ ಬಂದಿದ್ದರು. ಮಲೇಷ್ಯದವರು ತಮ್ಮ ಎರಡು ಭಾಗಗಳಿಗೂ ಒಂದೇ ಕಾಲವಿರಲೆಂದು 1982ರ ಹೊಸವರ್ಷದ ದಿನ ಪರ್ಯಾಯದ್ವೀಪದ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಳ್ಳಿದರು. ನೆರೆಯ ಸಿಂಗಪುರವೂ ತಳ್ಳಿಕೊಂಡಿತು. ಅಲ್ಲಿನ ಸೂರ್ಯ ತನ್ನ ಗಡಿಯಾರಕ್ಕಿಂತ ಒಂದು ಗಂಟೆಗೂ ಹೆಚ್ಚು ಹಿಂದೆ. ನಮ್ಮ ಬೆಂಗಳೂರಿನ ಸೂರ್ಯ ತನ್ನ ಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ಹಿಂದೆ. ಒಂದರಿಂದ ಇನ್ನೊಂದನ್ನು ಕಳೆ: ನಲವತ್ತೈದು!

ಮೇಷ್ಟರು ಜಯಶೀಲರಾಗಿ ತಲೆಯೆತ್ತಿದರು. ಆಕೆ ನಿದ್ದೆ ಹೋಗಿದ್ದರು.

ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಆರು ಗಂಟೆ, ಹೊರಗೆ ಕಗ್ಗತ್ತಲೆ. ಸಿಂಗಪುರವು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರು ಮಾತ್ರ ದೂರವಿರುವುದರಿಂದ ವರ್ಷವಿಡೀ ಬೆಳಕು ಹರಿಯುವುದು ಏಳರ ಸುಮಾರಿಗೆ, ಸಂಜೆಯಾಗುವುದೂ ಏಳರ ಸುಮಾರಿಗೆ. ಅಲ್ಲಿ ದಕ್ಷಿಣಾಯನ ಉತ್ತರಾಯಣಗಳಿಗೆ ಹೆಚ್ಚಿನ ಬೆಲೆಯಿಲ್ಲ.

ಪಾಸ್‌ಪೋರ್ಟಿನ ಮೇಲೆ ಮುದ್ರೆ ಬೀಳುವ ಘಳಿಗೆಗಾಗಿ ಮೇಷ್ಟರು ಕಾದಿದ್ದರು. ಹೊಚ್ಚಹೊಸ ಪುಟದಲ್ಲಿ ಒಂದು ವಿದೇಶೀ ಮುದ್ರೆ. ಅದನ್ನು ಹಳೆಯ ಸಹೋದ್ಯೋಗಿಗಳ ಮುಂದೆ, ಬೇರೇನನ್ನೋ ಹುಡುಕುವವರಂತೆ ತೆರೆಯಬೇಕೆಂದು ಅವರು ಯೋಚಿಸಿಟ್ಟುಕೊಂಡಿದ್ದರು. ಯಂತ್ರವೊಂದು ಮುಖವನ್ನೂ ಕಣ್ಣನ್ನೂ ನೋಡಿ ಬಾಗಿಲು ತೆರೆಯಿತು. ಮುದ್ರೆಯಿಲ್ಲ. ಅಲ್ಲಿ ನಿಂತಿದ್ದ ಅಧಿಕಾರಿಯನ್ನು ಕೇಳಿಯೂ ಕೇಳಿದರು. 2020ರ ನವೆಂಬರಿನಿಂದ ಆ ದೇಶದವರು ಮುದ್ರೆ ಒತ್ತುವುದನ್ನು ಬಿಟ್ಟಿದ್ದಾರೆ. ಅನುಮತಿ ಇ–ಮೇಲಿನಲ್ಲಿ ಬಂದುಬಿಡುತ್ತದೆ. ಆತ ನಗುತ್ತಲೇ ಹೇಳಿದ. ಮೇಷ್ಟರೂ ನಕ್ಕರು, ಆದರೆ ಅಂದಿನ ಮೊದಲ ಪೀರಿಯಡ್ಡಿಗೆ ಮುನ್ನವೇ ಏನೋ ಒಂದು ಕೈತಪ್ಪಿತೆಂಬಂತೆ ಅವರಿಗಾಯಿತು.

ನಗರದೊಳಕ್ಕೆ ರೈಲು. ಒಂದೇ ನಿಲ್ದಾಣ ಮುಂದೆ ಹೋಗಿ ಎಕ್ಸ್‌ಪೋ ಎಂಬಲ್ಲಿ ಗಾಡಿ ಬದಲಿಸಿದರೆ, ನೆಲದಡಿಯ ಮಾರ್ಗದಲ್ಲಿ ನೇರವಾಗಿ ‘ಲಿಟಲ್ ಇಂಡಿಯಾ’ಕ್ಕೆ ಹೋಗಬಹುದು, ಶಾಕಾಹಾರಕ್ಕೆ ತೊಂದರೆಯಾಗದಿರಲೆಂದು ಮಗಳು ಕೊಠಡಿ ಹಿಡಿದಿದ್ದುದು ಅಲ್ಲಿ. ಆ ರೈಲಿಗೆ ಚಾಲಕನಿಲ್ಲ. ಮೊದಲ ಡಬ್ಬಿಯ ಗಾಜಿನಾಚೆ ಸುರಂಗ ತಾನಾಗಿ ಓಡಿ ಬರುವುದನ್ನು ಮೇಷ್ಟರು ನೋಡುತ್ತ ನಿಂತರು. ಆಕೆ ನೋಡುತ್ತಿದ್ದುದು ಬಾಗಿಲ ಮೇಲಿನ ಎಚ್ಚರಿಕೆಯ ಫಲಕವನ್ನು. ಇಂಗ್ಲಿಷ್, ಚೀನೀ, ಮಲಯ, ತಮಿಳು: ಆ ನಾಡಿನ ಅಧಿಕೃತ ಭಾಷೆಗಳು ಈ ನಾಲ್ಕು. ಮಲಯ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದರಿಂದ ಕಣ್ಣಿಗೆ ಕಾಣುವ ಲಿಪಿಗಳು ಮಾತ್ರ ಮೂರು. ಆಕೆಯ ತುಟಿಗಳು ಮೆಲ್ಲನೆ ಅಲುಗುತ್ತಿದ್ದವು.

“ಏನು ಓದುತ್ತಿದ್ದೀಯೆ?”

“ಏನಿಲ್ಲ ಬಿಡಿ,” ಎಂದು ಆಕೆ ಬೇರೆ ಕಡೆಗೆ ತಿರುಗಿದರು.

ಹೆಸರಿನ ವಿಚಾರವನ್ನು ಇಲ್ಲಿ ಹೇಳಿದರೆ ತಪ್ಪಲ್ಲ. ಸಿಂಗಪುರವೆಂದರೆ ಸಿಂಹಪುರವೇ; ಸಂಸ್ಕೃತದ ಸಿಂಹ ಕನ್ನಡದಲ್ಲಿ ಸಿಂಗವಾಗುವುದನ್ನು ವ್ಯಾಕರಣದ ತದ್ಭವ ಪ್ರಕರಣದಲ್ಲಿ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ಆ ದ್ವೀಪದ ಕಾಡುಗಳಲ್ಲಿ ಹುಲಿ ಇದ್ದುವು, ಸಿಂಹ ಎಂದೂ ಇರಲಿಲ್ಲ. ಇಲ್ಲದ ಮೃಗದ ಹೆಸರನ್ನಿಟ್ಟುಕೊಂಡ ಊರು 1972ರಲ್ಲಿ ಆ ಮೃಗಕ್ಕೆ ಮೀನಿನ ಬಾಲವನ್ನೂ ಸೇರಿಸಿ 8.6 ಮೀಟರು ಎತ್ತರದ ಪ್ರತಿಮೆಯಾಗಿ ನಿಲ್ಲಿಸಿಕೊಂಡಿದೆ. ಮೇಷ್ಟರು ಒಂಬತ್ತೂವರೆಗೆ ನೋಡಬೇಕೆಂದು ಬರೆದುಕೊಂಡಿದ್ದುದು ಅದನ್ನೇ.

ಆದರೆ ಹೋಟೆಲಿನ ಹುಡುಗಿ ವಿನಯದಿಂದ ಹೇಳಿದ್ದೇ ಬೇರೆ: ಕೊಠಡಿ ಮಧ್ಯಾಹ್ನ ಮೂರು ಗಂಟೆಗೆ. ಅಲ್ಲಿಯವರೆಗೆ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತೇವೆ.

ಆಗ ಎಂಟು ಗಂಟೆ. ಸ್ನಾನವಿಲ್ಲ, ನಿದ್ದೆಯಿಲ್ಲ, ಬಾಗಿಲು ಹಾಕಿಕೊಳ್ಳುವುದಕ್ಕೆ ಒಂದು ಕೋಣೆಯಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಕಣ್ಣೋಟದಲ್ಲೇ ಅಡಗಿಸುತ್ತಿದ್ದ ಮೇಷ್ಟರು ಆ ನಗುಮುಖದ ಹುಡುಗಿಯ ಮುಂದೆ ಎರಡನೆಯ ಮಾತಾಡಲಾರದೆ ಹೋದರು. ಹೊರಗೆ ಬಂದು ಬೀದಿಯಲ್ಲಿ ನಿಂತಾಗ, ಮುಂದೇನೆಂಬುದು ನೋಟುಪುಸ್ತಕದಲ್ಲಿರಲಿಲ್ಲ. ಅವರಿಗೆ ಕೋಪ ಬಂದಿತ್ತು. ಕೋಪ ಬಂದಾಗ ಮಾತು ನಿಂತುಹೋಗುವುದು ಅವರ ಪದ್ಧತಿ. ಮನೆಯಲ್ಲಾದರೆ ಆಕೆ ಒಳಗೆ ಹೋಗಿ ಕಾಫಿ ಬೆರೆಸುತ್ತಿದ್ದರು. ಇಲ್ಲಿ ಒಳಗೆ ಹೋಗುವುದಕ್ಕೆ ಮನೆಯೇ ಇಲ್ಲ.

“ಬನ್ನಿ, ಮೊದಲು ಏನಾದರೂ ತಿನ್ನೋಣ,” ಎಂದು ಆಕೆ ಮುಂದೆ ನಡೆದರು. ಮೂವತ್ತೈದು ವರ್ಷಗಳಲ್ಲಿ ಬೀದಿಯಲ್ಲಿ ಆಕೆ ಮುಂದಾಗಿ ನಡೆದದ್ದು ಬಹುಶಃ ಅದೇ ಮೊದಲು.

ಹತ್ತಿರದಲ್ಲೇ ಟೆಕ್ಕಾ ಮಾರುಕಟ್ಟೆ. ಒಂದು ಕಡೆ ತರಕಾರಿ, ಮೀನು, ಮಾಂಸ. ಇನ್ನೊಂದು ಕಡೆ ಸಾಲುಸಾಲಾಗಿ ತಿಂಡಿಯ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಆಕೆ ಖಾಲಿ ಮೇಜೊಂದರ ಮೇಲಿದ್ದ ಕಾಗದದ ಕರವಸ್ತ್ರದ ಪೊಟ್ಟಣವನ್ನು ಯಾರೋ ಮರೆತು ಹೋದದ್ದೆಂದು ಬದಿಗೆ ಸರಿಸಿ ಕುಳಿತರು. ಅದು ಮರೆತದ್ದಲ್ಲ, ‘ಈ ಜಾಗ ನನ್ನದು’ ಎಂದು ಹೇಳುವ ಆ ಊರಿನ ರೀತಿ. ನಮ್ಮ ಬಸ್ಸುಗಳ ಕಿಟಕಿಯಿಂದ ಒಳಗೆ ಬೀಳುವ ಟವಲಿನ ಸಿಂಗಪುರದ ಅವತಾರವೆನ್ನಬಹುದು. ಪೊಟ್ಟಣದ ಒಡತಿ ತಟ್ಟೆ ಹಿಡಿದು ಬಂದಾಗ ಮೇಷ್ಟರು ಇಂಗ್ಲಿಷಿನಲ್ಲಿ ಕ್ಷಮೆ ಬೇಡುವಷ್ಟರಲ್ಲಿ ಎದುರಿನ ಅಂಗಡಿಯ ಹೆಂಗಸು ಕೂಗಿ ಬೇರೆ ಮೇಜು ತೋರಿಸಿದಳು. ಆ ಕೂಗು ತಮಿಳಿನಲ್ಲಿತ್ತು.

ಮೇಷ್ಟರ ಪತ್ನಿ ತಮಿಳಿನಲ್ಲೇ ಉತ್ತರ ಕೊಟ್ಟರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಕೆ ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಚಾಂಪಿಯನ್ ರೀಫಿನಲ್ಲಿ. ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತರು. ಮನೆಯ ಮಾತು ಕನ್ನಡವೇ. ಆದರೆ ಗಣಿಯಲ್ಲಿ ಇಳಿದು ದುಡಿಯುತ್ತಿದ್ದವರಲ್ಲಿ ಬಹುಪಾಲು ತಮಿಳರಾದ್ದರಿಂದ ಬೀದಿಯ ಮಾತು, ಆಟದ ಮಾತು, ಜಗಳದ ಮಾತು ತಮಿಳು. ಹಾಲು ಹಾಕುತ್ತಿದ್ದವಳು ತಮಿಳಿನವಳು. ಹಾಗಾಗಿ ಹಾಲೆಂಬ ವಸ್ತುವಿಗೆ ಆಕೆಯ ನಾಲಗೆಯಲ್ಲಿದ್ದ ಹೆಸರು ‘ಪಾಲ್’.

ಮದುವೆಯಾಗಿ ಮೈಸೂರಿಗೆ ಬಂದ ಎರಡನೆಯ ಬೆಳಗ್ಗೆ, ಹತ್ತು ಮಂದಿ ನೆಂಟರಿದ್ದ ಅಡಿಗೆಮನೆಯಲ್ಲಿ, ಗಾಬರಿಯಲ್ಲಿ ಆಕೆ ಕೇಳಿದ್ದು: “ಅತ್ತೆ, ಪಾಲು ಎಲ್ಲಿದೆ?”

ಆ ಮನೆಯಲ್ಲಿ ಆಗ ಅಣ್ಣತಮ್ಮಂದಿರ ನಡುವೆ ಜಮೀನಿನ ಪಾಲಿನ ಮಾತು ನಡೆಯುತ್ತಿತ್ತು. ಬಂದ ಎರಡನೆಯ ದಿನವೇ ಸೊಸೆ ಪಾಲು ಕೇಳಿದಳು! ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮನೆ ಮನೆಯೇ ನಕ್ಕಿತು. ಯಾರ ನಗುವಿನಲ್ಲೂ ಕೆಡುಕಿರಲಿಲ್ಲ. ಮೇಷ್ಟರು ಆ ಕಥೆಯನ್ನು ಬಂದ ಅತಿಥಿಗಳಿಗೆಲ್ಲ ಎಷ್ಟೋ ವರ್ಷ ಹೇಳಿದರು. ಹತ್ತನೆಯ ಶತಮಾನದ ಪಂಪನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ಆ ಮನೆಯಲ್ಲಿ ಯಾರೂ ನೆನೆಯಲಿಲ್ಲ. ಹಳಗನ್ನಡದಲ್ಲಿಯೂ ಹಾಲು ‘ಪಾಲ್’, ಹೂ ‘ಪೂ’, ಹುಲಿ ‘ಪುಲಿ’. ಪಕಾರ ಹಕಾರವಾದದ್ದು ಆಮೇಲಿನ ಮಾತು. ಸೊಸೆ ತಂದದ್ದು ತಪ್ಪು ಕನ್ನಡವಲ್ಲ, ತುಂಬ ಹಳೆಯ ಕನ್ನಡ. ಆದರೆ ಭಾಷಾಶಾಸ್ತ್ರದಿಂದ ಹೊಸ ಮದುಮಗಳ ಮುಖದ ಬಣ್ಣ ಮರಳುವುದಿಲ್ಲ. ಅಂದಿನಿಂದ ಆಕೆ ಮಾತನ್ನು ಅಳೆದು ತೂಗಿ ಆಡತೊಡಗಿದರು. ಮೈಸೂರಿನಲ್ಲಿ ತಮಿಳು ಬಲ್ಲವರಿಗೆ ಬರವಿಲ್ಲ. ಆಕೆ ಮಾತ್ರ ಆ ಬಾಗಿಲನ್ನು ತೆರೆಯಲಿಲ್ಲ. ತಂದೆ ತೀರಿಕೊಂಡರು, ತಾಯಿ ತಮ್ಮನ ಮನೆ ಸೇರಿದರು, 2001ರ ಫೆಬ್ರವರಿ ಕೊನೆಗೆ ಗಣಿಯೂ ಮುಚ್ಚಿತು. ಆ ಭಾಷೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿಯಲಿಲ್ಲ.

ಈಗ ಟೆಕ್ಕಾದ ಆ ಗದ್ದಲದಲ್ಲಿ, “ನೀಂಗ ಎಂದ ಊರು?” ಎಂದು ಅಂಗಡಿಯಾಕೆ ಕೇಳಿದಳು. “ಕೋಲಾರ್, ಗಣಿ ಊರು,” ಎಂಬುದು ಮೊದಲ ಮಾತು. ಎರಡನೆಯ ಮಾತು ಸ್ವಲ್ಪ ತಡವರಿಸಿತು. ಮೂರನೆಯ ಮಾತಿನಿಂದ ಮುಂದೆ ತಡೆಯಿಲ್ಲ. ಮೇಷ್ಟರು ಎದುರಿಗೆ ಕುಳಿತು ನೋಡುತ್ತಿದ್ದರು. ಆಕೆಯ ದನಿ ಒಂದು ಮಟ್ಟ ಮೇಲೇರಿತ್ತು. ಕೈಗಳು ಆಡುತ್ತಿದ್ದವು. ನಡುವೆ ಒಮ್ಮೆ ತಲೆಯನ್ನು ಹಿಂದಕ್ಕೆಸೆದು ನಕ್ಕರು. ಮನೆಯಲ್ಲಿ ನಗುವಾಗ ಆಕೆ ಸೆರಗನ್ನು ಬಾಯಿಗೆ ತರುತ್ತಿದ್ದರು. ಮೇಷ್ಟರಿಗೆ ಮಾತುಗಳಲ್ಲಿ ಕಾಲುಭಾಗ ತಿಳಿಯಿತು. ತಾವು ಬಲ್ಲ ಹೆಂಗಸಿನ ಪಕ್ಕದಲ್ಲಿ ತಾವು ಕಾಣದ ಇನ್ನೊಬ್ಬಳು ಇಷ್ಟು ದಿನ ಸುಮ್ಮನೆ ಕುಳಿತಿದ್ದಳೆಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ತಿಂಡಿ ಬಂದಿತು. ‘ಪುಟ್ಟು ಮಾಯಂ’ ಎಂಬುದು ಅದರ ಹೆಸರು. ನೋಡಿದರೆ ನಮ್ಮ ಒತ್ತುಶಾವಿಗೆ, ಮೇಲೆ ಬೆಲ್ಲ ಮತ್ತು ಕಾಯಿತುರಿ. ಮೇಷ್ಟರಿಗೆ ಸಕ್ಕರೆ ಕಾಯಿಲೆ. ಆಕೆ ಅವರ ತಟ್ಟೆಯಿಂದ ಬೆಲ್ಲವನ್ನು ತಮ್ಮ ತಟ್ಟೆಗೆ ಬಳಿದುಕೊಂಡರು. ದೇಶ ಬದಲಾದರೂ ಕೆಲವು ಕಾಯಿದೆಗಳು ಬದಲಾಗುವುದಿಲ್ಲ. ಚಹಾದ ಮಾತು ಬಂದಾಗ ಅಂಗಡಿಯಾಕೆ ಒಂದು ಮಲಯ ಶಬ್ದ ಕಲಿಸಿಕೊಟ್ಟಳು: ‘ಕೊಸೊಂಗ್’. ಖಾಲಿ ಎಂದರ್ಥ, ಸೊನ್ನೆಗೂ ಅದೇ ಮಾತು. ಚಹಾದಲ್ಲಿ ಸಕ್ಕರೆ ಬೇಡವೆನ್ನುವವರು ‘ಕೊಸೊಂಗ್’ ಎಂದರೆ ಸಾಕು. ಗಣಿತದ ಮೇಷ್ಟರಿಗೆ ಸೊನ್ನೆ ಹಾಕಿದ ಚಹಾ ಹಿಡಿಸಿತು. ಅವರ ಕೋಪವೂ ಇಳಿದಿತ್ತು.

ತಿಂದಾದ ಮೇಲೆ ಮೇಷ್ಟರು ಅಭ್ಯಾಸದಂತೆ ಕೈತೊಳೆದು ಎದ್ದು ಹೊರಟರು. “ರೀ, ತಟ್ಟೆ,” ಎಂದರು ಆಕೆ. 2021ರಿಂದ ಆ ಊರಿನಲ್ಲಿ ಹೀಗೊಂದು ಕಾನೂನಿದೆ. ಇಂಥ ತಿಂಡಿಯ ಕಟ್ಟೆಗಳಲ್ಲಿ ಉಂಡವರು ತಮ್ಮ ತಟ್ಟೆಲೋಟಗಳನ್ನು ತಾವೇ ಒಯ್ದು ಗೊತ್ತಾದ ಜಾಗದಲ್ಲಿಡಬೇಕು. ಮೊದಲ ಸಲ ತಪ್ಪಿದರೆ ಎಚ್ಚರಿಕೆ, ಮರಳಿ ತಪ್ಪಿದರೆ ದಂಡ. ಅಲ್ಲಿನ ಒಂದು ಡಾಲರಿಗೆ ನಮ್ಮ 60ಕ್ಕೂ ಹೆಚ್ಚು ರೂಪಾಯಿ. ದಂಡದ ಲೆಕ್ಕವನ್ನು ಮೇಷ್ಟರು ಕ್ಷಣದಲ್ಲಿ ಮಾಡಿದರು. ಎರಡು ತಟ್ಟೆ, ಎರಡು ಲೋಟಗಳನ್ನು ಹಿಡಿದು, ಚೆಲ್ಲದಂತೆ ಹೆಜ್ಜೆಯಿಡುತ್ತ, ಜನರ ನಡುವೆ ನಡೆದು ಹೋದರು. ತಾಯಿಯಾಗಲಿ ಹೆಂಡತಿಯಾಗಲಿ ಮಗಳಾಗಲಿ ಅವರ ಕೈಯಲ್ಲಿ ಮಾಡಿಸಲಾರದ ಕೆಲಸವನ್ನು ಒಂದು ಸರ್ಕಾರ ಮಾಡಿಸಿತು. ಆಕೆ ಅದನ್ನು ಕಣ್ತುಂಬ ನೋಡಿದರು. ಅಂಗಡಿಯಾಕೆಗೆ ತಮಿಳಿನಲ್ಲಿ ಏನನ್ನೋ ಹೇಳಿದರು. ಇಬ್ಬರೂ ನಕ್ಕರು.

ಮತ್ತೆ ಸೆರಂಗೂನ್ ರಸ್ತೆ. ಹೂಮಾಲೆಯ ಅಂಗಡಿಗಳು, ಚಿನ್ನದ ಅಂಗಡಿಗಳು, 1935ರಲ್ಲಿ ಆರಂಭವಾಗಿ ಇಂದಿಗೂ ಹೊರಡುತ್ತಿರುವ ‘ತಮಿಳ್ ಮುರಸು’ ಪತ್ರಿಕೆ. ಬಫೆಲೋ ರೋಡ್ ಎಂಬುದು ಒಂದು ಬೀದಿ, ಕೆರ್ಬಾವ್ ರೋಡ್ ಎಂಬುದು ಪಕ್ಕದ ಬೀದಿ. ಕೆರ್ಬಾವ್ ಎಂದರೆ ಮಲಯ ಭಾಷೆಯಲ್ಲಿ ಎಮ್ಮೆಯೇ. ಹಿಂದೆ ಆ ಪ್ರದೇಶವೆಲ್ಲ ದನಕರುಗಳ ವ್ಯಾಪಾರದ ನೆಲೆಯಾಗಿತ್ತು. ಆ ಊರನ್ನು ಕಟ್ಟಿದ ಕೈಗಳಲ್ಲಿ ನಮ್ಮ ಕಡೆಯವೂ ಬಹಳ. 1825ರಿಂದ ಸುಮಾರು ಐವತ್ತು ವರ್ಷ ಇಂಗ್ಲಿಷರು ಭಾರತದ ಕೈದಿಗಳನ್ನು ಅಲ್ಲಿಗೆ ಸಾಗಿಸಿ ರಸ್ತೆ, ಕಟ್ಟಡಗಳ ಕೆಲಸಕ್ಕೆ ಹಚ್ಚಿದರು. ನಗರದ ದೊಡ್ಡ ಇಗರ್ಜಿಯಾದ ಸಂತ ಆಂಡ್ರೂಸನದನ್ನು ಕಟ್ಟಿದವರೂ ಆ ಕೈದಿಗಳೇ.

ವೀರಮಾಕಾಳಿಯ ಗುಡಿಯ ಗೋಪುರ ಕಾಣಿಸುತ್ತಿದ್ದಂತೆ ಮೇಷ್ಟರು ಬೇಗ ಬೇಗ ನಡೆದರು. ತಿರುಗಿ ನೋಡಿದರೆ ಆಕೆ ಇಪ್ಪತ್ತು ಹೆಜ್ಜೆ ಹಿಂದೆ, ಅಂಗಡಿ ಸಾಲಿನ ಮುಂದಿನ ಜಗಲಿಯ ಕಂಬವನ್ನು ಹಿಡಿದು ನಿಂತಿದ್ದರು. 1822ರಲ್ಲಿ ರಾಫಲ್ಸನು ಊರಿನ ನಕ್ಷೆ ಹಾಕಿಸಿದಾಗ ಪ್ರತಿ ಅಂಗಡಿಯ ಮುಂದೆಯೂ ನಡೆಯುವವರಿಗೆ ಮಾಡಿನ ಜಗಲಿ ಇರಲೇಬೇಕೆಂದು ವಿಧಿಸಿದ್ದನಂತೆ. ಮಳೆಬಿಸಿಲುಗಳಿಗೆಂದು ಅವನು ಮಾಡಿದ್ದು, ಮಂಡಿನೋವಿನವರಿಗೂ ಒದಗಿತು.

“ಏನಾಯಿತೆ?”

“ಮಂಡಿ. ಆರು ತಿಂಗಳಿಂದ ಹೀಗೇ.”

“ಮೊದಲೇ ಹೇಳಬಾರದೆ?”

“ಹೇಳಿದ್ದರೆ ನೀವು ಟಿಕೆಟ್ಟು ರದ್ದು ಮಾಡಿಬಿಡುತ್ತಿದ್ದಿರಿ.”

ಅದು ನಿಜ. ಮೇಷ್ಟರು ವಾದಿಸಲಿಲ್ಲ. ನೋಟುಪುಸ್ತಕವನ್ನು ಆಕೆಯ ಚೀಲದಲ್ಲಿ ಹಾಕಿ, ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಗುಡಿಯಲ್ಲಿ ಕೈಮುಗಿದು, ಒಂದು ಬದಿಯ ತಣ್ಣನೆಯ ನೆಲದ ಮೇಲೆ ಇಬ್ಬರೂ ಕುಳಿತರು. ಕೊಠಡಿಗೆ ಇನ್ನೂ ನಾಲ್ಕು ಗಂಟೆ ಇತ್ತು.

“ಆ ಅಂಗಡಿಯವಳ ಹತ್ತಿರ ಅಷ್ಟು ಹೊತ್ತು ಏನು ಮಾತಾಡಿದೆ?”

ಕೇಳಬೇಕೆಂದು ಕೇಳಿದ್ದೋ, ಹೊತ್ತು ಕಳೆಯಲೆಂದು ಕೇಳಿದ್ದೋ ತಿಳಿಯದು. ಅಂಗಡಿಯಾಕೆಯ ಅಜ್ಜಿ ನಾಗಪಟ್ಟಣದಲ್ಲಿ ‘ರಜುಲಾ’ ಹತ್ತಿ ಬಂದ ಕಥೆಯನ್ನು ಆಕೆ ಹೇಳಿದರು. ಅಲ್ಲಿಂದ ಮಾತು ಚಾಂಪಿಯನ್ ರೀಫಿಗೆ ಹೋಯಿತು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸಿಳ್ಳೆ. ಮೂರು ಕಿಲೋಮೀಟರಿಗೂ ಆಳದ ಆ ಗಣಿಯೊಳಗೆ ಬಂಡೆ ತಾನಾಗಿ ಸಿಡಿದಾಗ ಮೇಲೆ ಮನೆಗಳಲ್ಲಿ ನಡುಗುತ್ತಿದ್ದ ಪಾತ್ರೆಗಳು. ನೆಲ ನಡುಗಿದೊಡನೆ ಹೆಂಗಸರೆಲ್ಲ ಕೈಕೆಲಸ ಬಿಟ್ಟು ಗಡಿಯಾರ ನೋಡುತ್ತಿದ್ದರು; ಈಗ ಕೆಳಗಿರುವುದು ಯಾರ ಮನೆಯ ಪಾಳಿ? ಆಕೆಗೆ ಹನ್ನೊಂದು ವರ್ಷವಿದ್ದಾಗ ಒಂದು ಮಧ್ಯಾಹ್ನ ಹಾಗೆಯೇ ನೆಲ ನಡುಗಿತು. ಆಕೆಯೂ ಪಕ್ಕದ ಲೈನಿನ ಗೆಳತಿಯೂ ಕುಂಟಾಬಿಲ್ಲೆ ಆಡುತ್ತಿದ್ದರು. ಗೆಳತಿಯ ತಾಯಿ ಬರಿಗಾಲಲ್ಲಿ ಗಣಿಯ ಬಾಯಿಯ ಕಡೆಗೆ ಓಡಿದಳು. ಗೆಳತಿಯ ಅಪ್ಪ ಅಂದು ಮೇಲಕ್ಕೆ ಬರಲಿಲ್ಲ. ವಾರ ಕಳೆಯುವುದರೊಳಗೆ ಅವರ ಮನೆಯವರು ತಮ್ಮ ಹಳ್ಳಿಗೆ ಹೊರಟುಹೋದರು; ಹೊರಡುವಾಗ ಗೆಳತಿ ತನ್ನ ಬಿಲ್ಲೆಯನ್ನು ಈಕೆಯ ಕೈಯಲ್ಲಿಟ್ಟು ಏನೋ ಹೇಳಿದಳು.

“ಏನು ಹೇಳಿದಳು?”

ಆಕೆ ತಮಿಳಿನಲ್ಲಿ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೇಳಲು ನೋಡಿ, ಬಿಟ್ಟರು.

ಮೇಷ್ಟರು ಈ ಸಂಗತಿಯಲ್ಲಿ ಒಂದಕ್ಷರವನ್ನೂ ಅದುವರೆಗೆ ಕೇಳಿರಲಿಲ್ಲ. ಆಕೆ ಮುಚ್ಚಿಟ್ಟಿದ್ದರೆಂದಲ್ಲ. ಆ ದಿನದ ಕೂಗು, ಅಳು, ಸಮಾಧಾನ, ಬೀಳ್ಕೊಡಿಗೆ ಎಲ್ಲ ನಡೆದದ್ದು ಒಂದು ಭಾಷೆಯಲ್ಲಿ. ಆಕೆ ಸಂಸಾರ ಮಾಡಿದ್ದು ಇನ್ನೊಂದು ಭಾಷೆಯಲ್ಲಿ. ಮೇಷ್ಟರು ಬಹಳ ಹೊತ್ತು ಏನೂ ಹೇಳಲಿಲ್ಲ. ಈ ಸಲದ ಮೌನ ಕೋಪದ್ದಲ್ಲ. ಮಧ್ಯಾಹ್ನದ ಮಂಗಳಾರತಿಯಾಗಿ ಗುಡಿಯ ಬಾಗಿಲು ಹಾಕುವ ಹೊತ್ತಾಯಿತು. ಏಳುವಾಗ ಅವರು ಕೈಕೊಟ್ಟರು. ನಾಲ್ಕು ಜನರ ಎದುರಿಗೆ ಕೈಹಿಡಿಯುವ ರೂಢಿ ಅವರಿಬ್ಬರಿಗೂ ಇರಲಿಲ್ಲ, ಮಂಡಿಯ ನೆಪವಿತ್ತು.

ಮೂರು ಗಂಟೆಗೆ ಕೊಠಡಿ ಸಿಕ್ಕಿತು. ಸ್ನಾನ ಮಾಡಿ ಮಲಗಿದವರಿಗೆ ಎಚ್ಚರವಾದಾಗ ಆರೂವರೆ. ಕಿಟಕಿಯಲ್ಲಿ ಇನ್ನೂ ಬಿಸಿಲು. ಮೇಷ್ಟರು ಎಣ್ಣೆಯ ಸೀಸೆಯನ್ನು ಹುಡುಕಿ ತೆಗೆದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಎಲ್ಲರೂ ಎಂದರೆ ಅಲ್ಲಿದ್ದವರು ಇಬ್ಬರೇ. ಮಗಳ ದೂರವಾಣಿ ಬಂದಿತು. “ಏನೇನು ನೋಡಿದಿರಿ ಅಪ್ಪ?” ಸಿಂಹಮತ್ಸ್ಯ ಆಗಲಿಲ್ಲ, ವಸ್ತುಸಂಗ್ರಹಾಲಯ ಆಗಲಿಲ್ಲ, ಉದ್ಯಾನ ಆಗಲಿಲ್ಲ. “ನಿಮ್ಮಮ್ಮನ ಊರು ನೋಡಿದೆವು,” ಎಂದರು ಮೇಷ್ಟರು. ಮಗಳಿಗೆ ಅರ್ಥವಾಗಲಿಲ್ಲ. ಆಕೆ ದೂರವಾಣಿಯನ್ನು ಕಿತ್ತುಕೊಂಡು, ಊಟ ಆಯಿತೆ, ಮೊಮ್ಮಗನ ಕೆಮ್ಮು ಹೇಗಿದೆ ಎಂದು ಕೇಳತೊಡಗಿದರು.

ಬೆಳಗಿನ ಕಾಫಿಗೆ ಹಾಲು ಬೇಕಾಗಿತ್ತು. ಫಿಲ್ಟರಿದೆ, ಪುಡಿಯಿದೆ, ಕೊಠಡಿಯಲ್ಲಿ ನೀರು ಕಾಯಿಸುವ ಪಾತ್ರೆಯಿದೆ. ಇಬ್ಬರೂ ಕೆಳಗಿಳಿದರು. ಆಕೆ ಬಸ್ಸು ನಿಲ್ದಾಣದ ಬೆಂಚಿನಲ್ಲಿ ಕುಳಿತರು. ಮೇಷ್ಟರು ಎದುರಿನ ಪುಟ್ಟ ಅಂಗಡಿಯ ಮೆಟ್ಟಿಲು ಹತ್ತಿದರು. ಏಳು ದಾಟಿತ್ತು, ಬೀದಿಯ ದೀಪಗಳು ಹತ್ತಿಕೊಂಡಿದ್ದವು. ಅಂಗಡಿಯ ಹಿರಿಯ ತಲೆಯೆತ್ತಿ ನೋಡಿದ. ಆ ಊರಿನಲ್ಲಿ ಇಂಗ್ಲಿಷ್ ಬಾರದ ಅಂಗಡಿಯವನು ಸಿಕ್ಕುವುದು ಅಪರೂಪ. ಮೇಷ್ಟರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ.

“ಪಾಲ್,” ಎಂದರು ಮೇಷ್ಟರು.

ಅಂಗಡಿಯಾತ ಸಂತೋಷದಿಂದ ಒಂದೇ ಉಸಿರಿಗೆ ತಮಿಳಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ. ಮೇಷ್ಟರು ನಿರುಪಾಯರಾಗಿ ತಿರುಗಿ, ರಸ್ತೆಯಾಚೆಯ ಬೆಂಚಿನ ಕಡೆಗೆ ಕೈಯೆತ್ತಿದರು. ಅಲ್ಲಿಂದ ಉತ್ತರ ತೇಲಿ ಬಂದಿತು: ದೊಡ್ಡದು ಬೇಡ, ಚಿಕ್ಕದು ಸಾಕು, ಸಕ್ಕರೆ ಸೇರದ್ದು.

ಹಾಲಿನ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕುಳಿತ ಮೇಲೆ ಆಕೆ ಹೇಳಿದರು: “ಮಿಲ್ಕ್ ಅಂದಿದ್ದರೂ ಕೊಡುತ್ತಿದ್ದರಲ್ಲ.”

“ಅದಿರಲಿ. ಸರಿಯಾಗಿ ಅಂದೆನೋ ಇಲ್ಲವೋ ಹೇಳು.”

“‘ಪಾ’ ಸಾಲದು. ಇನ್ನೂ ಸ್ವಲ್ಪ ಎಳೆಯಬೇಕು.”

ಮೇಷ್ಟರು ಇನ್ನೊಮ್ಮೆ ಹೇಳಿದರು.